ಡರ್ವೆಂಟ್ ನದಿಯ ಜಾಡಿನಲ್ಲಿ ಅರಮನೆ, ಗಿರಣಿ, ಕಾಲುವೆ

ಇಂಗ್ಲೆಂಡಿಗೆ ಹೋಗಿ ಬಂದ ನಮ್ಮವರನ್ನು ಏನೇನು ನೋಡಿದಿರಿ ಎಂದು ಕೇಳಿ ನೋಡಿ. ಲಂಡನ್ನಿನ ಗಡಿಯಾರದ ಗೋಪುರ, ಥೇಮ್ಸ್ ನದಿಯ ಸೇತುವೆ, ಮೇಣದ ಗೊಂಬೆಗಳು, ರಾಜಮನೆತನದ ಅರಮನೆಯ ಮುಂದೆ ಕಾವಲು ಬದಲಾಗುವ ದೃಶ್ಯ. ಇಷ್ಟಕ್ಕೆ ಪಟ್ಟಿ ಮುಗಿಯುತ್ತದೆ. ಲಂಡನ್ನಿನ ಸೇಂಟ್ ಪಾಂಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿ ಉತ್ತರಕ್ಕೆ ಒಂದೂವರೆ ಗಂಟೆ ಹೋದರೆ ಡರ್ಬಿ ಎಂಬ ಊರು ಸಿಗುತ್ತದೆ. ಮಗಳು, ಅಳಿಯ ಅಲ್ಲಿರುವುದರಿಂದ ಒಂದು ಬೇಸಿಗೆಯಲ್ಲಿ ಮೂರು ವಾರ ಅಲ್ಲಿ ಕಳೆಯುವ ಅವಕಾಶ ನನಗೂ ನನ್ನ ಶ್ರೀಮತಿಗೂ ಒದಗಿತು. ಡರ್ಬಿಯ ನಡುವೆ ಹರಿಯುವ ಡರ್ವೆಂಟ್ ನಮ್ಮ ಕಾವೇರಿ, ತುಂಗಭದ್ರೆಗಳ ಪಕ್ಕದಲ್ಲಿ ಇಟ್ಟರೆ ಒಂದು ದೊಡ್ಡ ಹಳ್ಳ ಅಷ್ಟೆ. ಆದರೆ ಈ ಹಳ್ಳದ ದಂಡೆಯಲ್ಲಿ ಇರುವಷ್ಟು ವಿಜ್ಞಾನದ ಪಾಠವನ್ನು ನಾನು ಬೇರೆಲ್ಲೂ ಒಟ್ಟಿಗೆ ಕಂಡಿಲ್ಲ. ಇತಿಹಾಸದ ಪಾಠವೂ ಅಷ್ಟೇ ಇದೆ, ಅದು ಸ್ವಲ್ಪ ಕಹಿ.

ನದಿ ಹುಟ್ಟುವುದು ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿ. ಗುಡ್ಡ ಎಂದರೆ ನಮ್ಮ ಮಲೆನಾಡಿನ ಹಾಗೆ ಕಾಡು ತುಂಬಿದ್ದಲ್ಲ. ಮರವೇ ಇಲ್ಲದ, ಕಪ್ಪು ಜೌಗು ಮಣ್ಣಿನ, ಕುರುಚಲು ಗಿಡಗಳ ಬಯಲು. ಅತಿ ಎತ್ತರದ ಕಿಂಡರ್ ಸ್ಕೌಟ್ ಕೂಡ 636 ಮೀಟರ್ ಮಾತ್ರ. ನಮ್ಮ ಬೆಂಗಳೂರು ಇದಕ್ಕಿಂತ ಎತ್ತರದಲ್ಲಿದೆ! ಆದರೂ ಆ ಬೋಳು ಗುಡ್ಡದ ಮೇಲೆ ನಡೆಯುವ ಹಕ್ಕಿಗಾಗಿ ಜನ ಜೈಲಿಗೆ ಹೋಗಿದ್ದಾರೆ. ಒಂದು ಕಾಲದಲ್ಲಿ ಈ ಗುಡ್ಡಗಳೆಲ್ಲ ದೊಡ್ಡ ಜಮೀನ್ದಾರರ ಬೇಟೆಯ ನೆಲ. ವರ್ಷದಲ್ಲಿ ಕೆಲವೇ ದಿನ ಗ್ರೌಸ್ ಎಂಬ ಹಕ್ಕಿಯನ್ನು ಹೊಡೆಯಲು ಅವರು ಬರುತ್ತಿದ್ದರು, ಉಳಿದ ದಿನ ಕಾವಲುಗಾರರು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಸುತ್ತ ಮ್ಯಾಂಚೆಸ್ಟರ್, ಶೆಫೀಲ್ಡ್ ಊರುಗಳ ಕಾರ್ಖಾನೆ ಕೂಲಿಗಳಿಗೆ ಭಾನುವಾರ ಒಂದಿಷ್ಟು ಒಳ್ಳೆಯ ಗಾಳಿ ಸಿಗುವ ಜಾಗ ಇದೊಂದೇ. 1932ರ ಏಪ್ರಿಲ್ 24ರಂದು ಸುಮಾರು 400 ಮಂದಿ, ಹೆಚ್ಚಿನವರು ಹುಡುಗರೇ, ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತು ವರ್ಷದ ಯುವಕನ ಮುಂದಾಳತ್ವದಲ್ಲಿ ಹೇಫೀಲ್ಡ್ ಊರಿನಿಂದ ಹೊರಟು ಗುಡ್ಡಕ್ಕೆ ನುಗ್ಗಿದರು. ಕಾವಲುಗಾರರ ಜತೆ ನೂಕಾಟವಾಯಿತು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲು ಶಿಕ್ಷೆಯಾಯಿತು. ಆ ಶಿಕ್ಷೆಯೇ ಜನರ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು. 1951ರಲ್ಲಿ ಬ್ರಿಟನ್ನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾದದ್ದು ಇದೇ ಪೀಕ್ ಡಿಸ್ಟ್ರಿಕ್ಟ್. ತೆರೆದ ಗುಡ್ಡಗಳಲ್ಲಿ ನಡೆಯುವುದು ಎಲ್ಲರ ಹಕ್ಕು ಎಂಬ ಕಾನೂನು ಬರಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ಆ ನೆಲದ ಒಡೆಯರಲ್ಲಿ ಡೆವನ್‌ಶೈರ್ ಡ್ಯೂಕ್ ಮನೆತನ ಮುಖ್ಯವಾದದ್ದು. 2002ರಲ್ಲಿ, ಘಟನೆಗೆ 70 ವರ್ಷ ತುಂಬಿದಾಗ, ಅಂದಿನ ಡ್ಯೂಕ್ ಸಭೆಗೆ ಬಂದು ತನ್ನ ತಾತ ಮಾಡಿದ್ದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು. ಈ ಡ್ಯೂಕ್‌ಗಳ ಅರಮನೆಗೆ ಆಮೇಲೆ ಬರೋಣ.

ಗುಡ್ಡದಿಂದ ಇಳಿದ ನೀರನ್ನು ಮೊದಲು ತಡೆಯುವುದು ಮೂರು ಅಣೆಕಟ್ಟುಗಳು. ಮೇಲಿನ ಎರಡು ಹೌಡನ್ ಮತ್ತು ಡರ್ವೆಂಟ್, ಕಲ್ಲಿನ ಕಟ್ಟಡಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟ ಬ್ರಿಟಿಷ್ ವಿಮಾನಗಳು 1943ರಲ್ಲಿ ತಗ್ಗಿನಲ್ಲಿ ಹಾರುವ ಅಭ್ಯಾಸ ಮಾಡಿದ್ದು ಡರ್ವೆಂಟ್ ಅಣೆಯ ಮೇಲೆಯೇ. ಕೆಳಗಿನದು ಲೇಡಿಬೋವರ್. ಅಲ್ಲಿ ಹೆಚ್ಚುವರಿ ನೀರು ಹೋಗಲು ಕೋಡಿಯ ಬದಲು ಜಲಾಶಯದ ಒಳಗೇ ಎರಡು ದೊಡ್ಡ ಕಲ್ಲಿನ ಬಾವಿಗಳಿವೆ. ಒಂದೊಂದರ ವ್ಯಾಸ ಸುಮಾರು 24 ಮೀಟರ್. ಜಲಾಶಯ ತುಂಬಿದಾಗ ನೀರು ಸುತ್ತಲಿಂದ ಆ ಬಾಯಿಗೆ ಇಳಿದು ಮಾಯವಾಗುವುದನ್ನು ನೋಡಿದರೆ ಮಕ್ಕಳು ಊಟ ಮರೆಯುತ್ತಾರೆ. ಸುರುಳಿ ಮೆಟ್ಟಿಲುಗಳ ಹಾಗೆ ಕಾಣುವ ಆ ಕಲ್ಲಿನ ಅಂಚುಗಳ ಅಡಿಯಲ್ಲಿ ಎರಡು ಊರುಗಳ ಕಥೆ ಇದೆ. ಡರ್ವೆಂಟ್, ಆಶಪ್‌ಟನ್ ಎಂಬ ಹಳ್ಳಿಗಳು ಈ ನೀರಿಗೆ ಹೋದವು. ಚರ್ಚಿನ ಅಂಗಳದಲ್ಲಿ ಹೂತಿದ್ದವರನ್ನು ತೆಗೆದು ಪಕ್ಕದ ಬ್ಯಾಮ್‌ಫರ್ಡ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ಚರ್ಚಿನ ಗೋಪುರವೊಂದು ನೀರಿನ ಮೇಲೆ ಚಾಚಿಕೊಂಡು ನಿಂತಿತ್ತು, 1947ರಲ್ಲಿ ಅದನ್ನೂ ಸಿಡಿಸಿದರು. ಮಳೆ ಕೈಕೊಟ್ಟ ವರ್ಷಗಳಲ್ಲಿ, 2018 ಮತ್ತು 2022ರಲ್ಲಿ ಆದ ಹಾಗೆ, ಗೋಡೆಗಳ ಕುರುಹು ಮೇಲೆದ್ದು ಕಾಣುತ್ತದೆ. ಶರಾವತಿ ಕಣಿವೆಯಿಂದ ಎದ್ದು ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಅರಮನೆ. ಚಾಟ್ಸ್‌ವರ್ತ್ ಎಂದು ಹೆಸರು. ಅವರು ಬರಿದೇ 'ಮನೆ' ಎನ್ನುತ್ತಾರೆ. ನಮ್ಮ ಮೈಸೂರು ಅರಮನೆಯನ್ನು ಮನೆ ಎಂದ ಹಾಗೆ! ಬೆಸ್ ಎಂಬ ಹೆಣ್ಣುಮಗಳು ತನ್ನ ಎರಡನೆಯ ಗಂಡ ವಿಲಿಯಂ ಕ್ಯಾವೆಂಡಿಶ್ ಜತೆ ಈ ಜಾಗ ಕೊಂಡದ್ದು 1549ರಲ್ಲಿ. ಈಗ ಕಾಣುವ ಕಟ್ಟಡದ ಬಹುಭಾಗ ಮೊದಲನೇ ಡ್ಯೂಕ್ 1687ರಿಂದ 1707ರವರೆಗೆ ಕಟ್ಟಿಸಿದ್ದು. ಒಳಗೆ ಚಿತ್ರಗಳು, ಶಿಲ್ಪಗಳು, ಬಣ್ಣದ ಚಾವಣಿಗಳು ಬೇಕಾದಷ್ಟಿವೆ. ಎರಡು ಗಂಟೆಯಲ್ಲಿ ಕಣ್ಣು ದಣಿಯುತ್ತದೆ. ನನ್ನ ಸಲಹೆ ಕೇಳುವುದಾದರೆ ಒಳಗೆ ಬೇಗ ಮುಗಿಸಿ ತೋಟಕ್ಕೆ ಬನ್ನಿ.

ತೋಟದ ನಡುವೆ ಉದ್ದನೆಯ ಕೊಳ, ಅದರಲ್ಲೊಂದು ಕಾರಂಜಿ. ರಷ್ಯಾದ ಚಕ್ರವರ್ತಿ ಒಂದನೇ ನಿಕೋಲಸ್ 1844ರಲ್ಲಿ ಬರುತ್ತಾನೆಂಬ ಸುದ್ದಿ ಕೇಳಿ ಆರನೇ ಡ್ಯೂಕ್ ಆರೇ ತಿಂಗಳಲ್ಲಿ ಇದನ್ನು ಮಾಡಿಸಿದ. ರಾತ್ರಿ ಪಂಜಿನ ಬೆಳಕಿನಲ್ಲೂ ಕೆಲಸ ನಡೆಯಿತಂತೆ. ಚಕ್ರವರ್ತಿ ಚಾಟ್ಸ್‌ವರ್ತ್‌ಗೆ ಬರಲೇ ಇಲ್ಲ. ಚಕ್ರವರ್ತಿಯ ಕಾರಂಜಿ ಎಂಬ ಹೆಸರು ಮಾತ್ರ ಉಳಿಯಿತು. ಈ ಕಾರಂಜಿಯ ನೀರು 90 ಮೀಟರ್ ಎತ್ತರಕ್ಕೆ ಹಾರಿದ ದಾಖಲೆ ಇದೆ. ನಮ್ಮ ವಿಜಯಪುರದ ಗೋಲಗುಂಬಜ್‌ಗಿಂತ ಬಹಳ ಮೇಲೆ. ಇದಕ್ಕೆ ಯಾವ ಪಂಪೂ ಇಲ್ಲ, ವಿದ್ಯುತ್ತೂ ಇಲ್ಲ. ಅರಮನೆಯ ಹಿಂದಿನ ಗುಡ್ಡದ ಮೇಲೆ ಸುಮಾರು 110 ಮೀಟರ್ ಎತ್ತರದಲ್ಲಿ ಒಂದು ಕೆರೆ ತೋಡಿ, ಅಲ್ಲಿಂದ ಕಬ್ಬಿಣದ ಕೊಳವೆ ಇಳಿಸಿದ್ದಾರೆ, ಅಷ್ಟೇ.

ವಿದ್ಯಾರ್ಥಿ ಮಿತ್ರರು ಪೆನ್ಸಿಲು ಹಿಡಿಯಬಹುದು. ಗುರುತ್ವ ವೇಗೋತ್ಕರ್ಷ 9.8. ಅದರ ಎರಡರಷ್ಟನ್ನು 110ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಸುಮಾರು 46 ಬರುತ್ತದೆ. ಅಂದರೆ ಘರ್ಷಣೆಯೇ ಇಲ್ಲವೆಂದರೆ ನೀರು ಬಾಯಿಂದ ಸೆಕೆಂಡಿಗೆ 46 ಮೀಟರ್, ಗಂಟೆಗೆ 165 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹೊರಡಬೇಕು, ಮತ್ತೆ 110 ಮೀಟರ್ ಏರಬೇಕು. ಆದರೆ ಏರಿದ್ದು 90. ಉಳಿದ 20 ಮೀಟರ್ ಎಲ್ಲಿ ಹೋಯಿತು? ಕೊಳವೆಯ ಒಳಗೋಡೆಯ ಘರ್ಷಣೆ ಒಂದಿಷ್ಟು ತಿಂದಿತು, ಗಾಳಿ ಒಂದಿಷ್ಟು ತಿಂದಿತು. ಎಂಟನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಪ್ರಚ್ಛನ್ನ ಶಕ್ತಿ, ಚಲನ ಶಕ್ತಿ ಎಂದು ನಾವು ಕಪ್ಪು ಹಲಗೆಯ ಮೇಲೆ ಬರೆದದ್ದೇ ಬರೆದದ್ದು. ಇಲ್ಲಿ ಅದು ಮುಖಕ್ಕೆ ಹನಿ ಸಿಡಿಸುತ್ತದೆ. ಇದೇ ಇಳಿಜಾರಿನ ನೀರಿನಿಂದ 1893ರಲ್ಲೇ ಟರ್ಬೈನು ತಿರುಗಿಸಿ ಅರಮನೆಗೆ ವಿದ್ಯುತ್ ದೀಪ ಹಾಕಿಸಿಕೊಂಡರು. ದಿನವೂ ಕಾರಂಜಿಯನ್ನು ಪೂರ್ತಿ ಎತ್ತರಕ್ಕೆ ಬಿಡುವುದಿಲ್ಲ, ಕೆರೆಯ ನೀರು ಉಳಿಯಬೇಕಲ್ಲ. ಪಕ್ಕದ ಇಳಿಜಾರಿನಲ್ಲಿ 1696ರಲ್ಲಿ ಆರಂಭವಾದ ಕಲ್ಲಿನ ಮೆಟ್ಟಿಲು ಜಲಪಾತವಿದೆ. 24 ಮೆಟ್ಟಿಲುಗಳು ಒಂದರ ಹಾಗೆ ಇನ್ನೊಂದಿಲ್ಲ, ಹಾಗಾಗಿ ನೀರಿನ ಸದ್ದು ಮೆಟ್ಟಿಲು ಮೆಟ್ಟಿಲಿಗೂ ಬೇರೆ. ಮುನ್ನೂರು ವರ್ಷದ ಕಲ್ಲುಸಂದಿಗಳಲ್ಲಿ ನೀರು ಸೋರತೊಡಗಿ ಇತ್ತೀಚೆಗೆ ದುರಸ್ತಿಗೆ ಬಂದಿದೆ. ಹೋಗುವ ಮುಂಚೆ ವಿಚಾರಿಸಿಕೊಳ್ಳಿ.

ಕಾರಂಜಿ ಮಾಡಿದಾತ ಎಂಜಿನಿಯರ್ ಅಲ್ಲ, ತೋಟದ ಮಾಲಿ. ಜೋಸೆಫ್ ಪ್ಯಾಕ್ಸ್‌ಟನ್. ಬಡ ರೈತನ ಏಳನೆಯ ಮಗ. 1826ರಲ್ಲಿ ಇಲ್ಲಿನ ಮುಖ್ಯ ತೋಟಗಾರನಾಗಿ ಬಂದಾಗ ಅವನಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಮೊದಲ ದಿನದ ವಿಚಾರವನ್ನು ಅವನೇ ಹೇಳಿಕೊಂಡಿದ್ದಾನೆ: ಬೆಳಗಿನ ನಾಲ್ಕೂವರೆಗೆ ತಲುಪಿದ, ಬಾಗಿಲು ತೆರೆದಿರಲಿಲ್ಲ, ಗೋಡೆ ಹಾರಿ ಒಳಗೆ ಬಂದು ತೋಟವನ್ನೆಲ್ಲ ಸುತ್ತಿದ, ಆರು ಗಂಟೆಗೆ ಆಳುಗಳನ್ನು ಕೆಲಸಕ್ಕೆ ಹಚ್ಚಿದ, ಆಮೇಲೆ ಮನೆವಾರ್ತೆ ನೋಡಿಕೊಳ್ಳುತ್ತಿದ್ದಾಕೆಯ ಜತೆ ತಿಂಡಿಗೆ ಕೂತು, ಆಕೆಯ ಸಂಬಂಧಿ ಹುಡುಗಿಯನ್ನು ಕಂಡು ಮನಸೋತ. ಇದೆಲ್ಲ ಒಂಬತ್ತು ಗಂಟೆಯೊಳಗೆ! ಆ ಹುಡುಗಿಯನ್ನೇ ಮದುವೆಯಾದ.

1849ರಲ್ಲಿ ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯ ಒಂದು ಸಸಿ ಅವನ ಕೈಗೆ ಬಂತು. ಕ್ಯೂ ಉದ್ಯಾನದಲ್ಲಿ ಹೂ ಬಿಡದೆ ಸತಾಯಿಸುತ್ತಿದ್ದ ಗಿಡ ಇದು. ಪ್ಯಾಕ್ಸ್‌ಟನ್ ನೀರನ್ನು ಬೆಚ್ಚಗಿಟ್ಟು, ಸಣ್ಣ ಚಕ್ರದಿಂದ ಮೆಲ್ಲಗೆ ಕಲಕುತ್ತ ನೋಡಿಕೊಂಡ. ಆಗಸ್ಟಿನಲ್ಲಿ ಬಂದ ಸಸಿ ನವೆಂಬರಿನಲ್ಲಿ ಹೂಬಿಟ್ಟಿತು. ಎಲೆ ಎಷ್ಟು ಗಟ್ಟಿ ಎಂದು ನೋಡಲು ತನ್ನ ಏಳು ವರ್ಷದ ಮಗಳನ್ನು ಅದರ ಮೇಲೆ ನಿಲ್ಲಿಸಿದ. ಎಲೆ ಮುಳುಗಲಿಲ್ಲ. ಮಗುಚಿ ನೋಡಿದರೆ ಅಡಿಯಲ್ಲಿ ನಡುವಿನಿಂದ ಹೊರಟ ದಪ್ಪ ನರಗಳು, ಅವನ್ನು ಅಡ್ಡಡ್ಡ ಕಟ್ಟಿ ಹಿಡಿದ ತೆಳು ನರಗಳು. ಗಾಜಿನ ಮನೆಯ ಚಾವಣಿಯನ್ನು ಹೀಗೆಯೇ ಹೊರಿಸಬಹುದಲ್ಲ ಎಂಬ ಯೋಚನೆಯನ್ನು ಅವನು ಬೆಳೆಸಿದ. 1851ರ ಲಂಡನ್ ಮಹಾಪ್ರದರ್ಶನಕ್ಕಾಗಿ ಕಬ್ಬಿಣ ಮತ್ತು ಗಾಜಿನಲ್ಲಿ ಎದ್ದ ಅರ್ಧ ಕಿಲೋಮೀಟರಿಗೂ ಉದ್ದದ ಕ್ರಿಸ್ಟಲ್ ಪ್ಯಾಲೇಸ್ ಈ ಮಾಲಿಯದೇ ವಿನ್ಯಾಸ. ಅದು 1936ರಲ್ಲಿ ಸುಟ್ಟುಹೋಯಿತು. ಆದರೆ ಅದನ್ನು ನೆನೆದು ಕಟ್ಟಿದ, 1889ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಇನ್ನೂ ಇದೆ. ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಮಕ್ಕಳಿಗೆ ತಲೆ ಎತ್ತಿ ನೋಡಲು ಹೇಳಿ.

ಚಾಟ್ಸ್‌ವರ್ತ್‌ನಲ್ಲೇ ಪ್ಯಾಕ್ಸ್‌ಟನ್ ಕಟ್ಟಿದ ದೊಡ್ಡ ಗಾಜಿನ ಮನೆ ಮಾತ್ರ ಉಳಿದಿಲ್ಲ. ಎಂಟು ಒಲೆಗಳಿಗೆ ಕಲ್ಲಿದ್ದಲು ಉರಿಸಿ ಒಳಗೆ ಉಷ್ಣವಲಯದ ಗಿಡ ಸಾಕುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಗಿಡಗಳೆಲ್ಲ ಸತ್ತವು. 1920ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಈಗ ಅಲ್ಲಿ ಪೊದೆಗಳ ಚಕ್ರವ್ಯೂಹವಿದೆ, ಮಕ್ಕಳಿಗೆ ಆಟ. ಇಲ್ಲಿನ ಇನ್ನೊಂದು ಗಿಡ ನಮ್ಮ ಮನೆಯವರೆಗೂ ಬಂದಿದೆ. 1830ರ ಸುಮಾರಿಗೆ ಮಾರಿಷಸ್ ಮೂಲದ ಗಿಡ್ಡ ಬಾಳೆಯ ಗಿಡವೊಂದನ್ನು ಪ್ಯಾಕ್ಸ್‌ಟನ್ ತಂದು ಬೆಳೆಸಿದ. 1835ರ ನವೆಂಬರಿನಲ್ಲಿ ಅದು ಹೂ ಬಿಟ್ಟಿತು. ಡ್ಯೂಕ್ ಮನೆತನದ ಹೆಸರೇ ತಳಿಗೆ ಬಿತ್ತು: ಕ್ಯಾವೆಂಡಿಶ್. ನಮ್ಮ ಪಚ್ಚಬಾಳೆ, ಈಗ ರೈತರು ಎಲ್ಲೆಲ್ಲೂ ಹಾಕುವ ಜಿ-9, ಎಲ್ಲ ಆ ಗುಂಪಿಗೇ ಸೇರಿದವು. ಹೈಡ್ರೋಜನ್ ಪಾಠದಲ್ಲಿ ಬರುವ ಹೆನ್ರಿ ಕ್ಯಾವೆಂಡಿಶ್ ಕೂಡ ಇದೇ ಮನೆತನದವನು, ಎರಡನೇ ಡ್ಯೂಕ್‌ನ ಮೊಮ್ಮಗ. ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಹಣ ಕೊಟ್ಟವನು ಏಳನೇ ಡ್ಯೂಕ್. ಎಲೆಕ್ಟ್ರಾನ್ ಪತ್ತೆಯಾದದ್ದು ಅಲ್ಲಿ, 1897ರಲ್ಲಿ.

ಅರಮನೆಯ ಮುಂದಿನ ವಿಶಾಲವಾದ ಹುಲ್ಲುಗಾವಲು, ಜಿಂಕೆಗಳು, ಬಳುಕುವ ನದಿ, ಎಲ್ಲವೂ ಸಹಜವಾಗಿ ಕಾಣುತ್ತವೆ. ಸಹಜವಲ್ಲ. 'ಕೇಪಬಿಲಿಟಿ' ಬ್ರೌನ್ ಎಂದೇ ಹೆಸರಾದ ಉದ್ಯಾನಶಿಲ್ಪಿ 1760ರ ದಶಕದಲ್ಲಿ ಗುಡ್ಡ ತಿದ್ದಿ, ನದಿಯನ್ನೂ ತಿದ್ದಿ ಮಾಡಿದ ಚಿತ್ರ ಅದು. ಕಿಟಕಿಯಿಂದ ನೋಡಿದರೆ ಈಡನ್ಸರ್ ಎಂಬ ಹಳ್ಳಿ ಕಣ್ಣಿಗೆ ಬೀಳುತ್ತದೆಂದು ಅದನ್ನು ಕಿತ್ತು ಗುಡ್ಡದ ಮರೆಗೆ ಹೊಸದಾಗಿ ಕಟ್ಟಿಸಿದರು. ಹೊಸ ಹಳ್ಳಿ ಚೆನ್ನಾಗಿದೆ, ಮನೆಗಳು ಒಂದಕ್ಕಿಂತ ಒಂದು ಚೆಂದ. ಆದರೂ ನೋಟ ಕೆಡುತ್ತದೆಂದು ಊರನ್ನೇ ಸರಿಸುವ ಅಧಿಕಾರ ಎಂಥದ್ದು ಎಂದು ಯೋಚಿಸುತ್ತಲೇ ಅದರ ಬೀದಿಯಲ್ಲಿ ನಡೆದೆ. ಕಾಲ ತಿರುಗಿತು ಅನ್ನಿ. 1950ರಲ್ಲಿ ಹತ್ತನೇ ಡ್ಯೂಕ್ ತೀರಿಕೊಂಡಾಗ ಸರ್ಕಾರ ಆಸ್ತಿಯ ಮೇಲೆ ಶೇಕಡಾ 80ರಷ್ಟು ಮರಣತೆರಿಗೆ ಹಾಕಿತು. ಅದನ್ನು ತೀರಿಸಲು ಸಾವಿರಾರು ಎಕರೆ ಜಮೀನು, ಹೆಸರಾಂತ ಚಿತ್ರಗಳು, ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಅರಮನೆ ಕೈಬಿಟ್ಟವು. ಅದೇ ಬೆಸ್ ತನ್ನ ಮುಪ್ಪಿನಲ್ಲಿ 1590ರ ದಶಕದಲ್ಲಿ ಕಟ್ಟಿಸಿದ ಹಾರ್ಡ್‌ವಿಕ್ ಈಗ ನ್ಯಾಷನಲ್ ಟ್ರಸ್ಟಿನ ವಶದಲ್ಲಿದೆ. ಗಾಜು ಚಿನ್ನದಷ್ಟು ದುಬಾರಿಯಾಗಿದ್ದ ಕಾಲದಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚಿರುವ ಮನೆ. ಗೋಪುರಗಳ ತುದಿಯಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ್ದಾಳೆ ಆಕೆ. ಬೇಕ್‌ವೆಲ್ ಬಳಿಯ ಹ್ಯಾಡನ್ ಹಾಲ್ ಇದಕ್ಕೆ ತದ್ವಿರುದ್ಧ. ಇನ್ನೂರು ವರ್ಷ ಯಾರೂ ವಾಸ ಮಾಡದೆ ಬಿಟ್ಟದ್ದರಿಂದಲೇ ಮಧ್ಯಯುಗದ ಮನೆ ಹಾಗೇ ಉಳಿದುಕೊಂಡಿತು. ಸಮಯವಿದ್ದರೆ ನೋಡಿ.

ನದಿಯ ಜತೆ ಇನ್ನೂ ಕೆಳಗೆ ಬಂದರೆ ಕ್ರಾಮ್‌ಫರ್ಡ್. ಇಲ್ಲಿ ಚಿತ್ರಗಳಿಲ್ಲ, ಬಣ್ಣದ ಚಾವಣಿಗಳಿಲ್ಲ. ಕೆಳ ಅಂತಸ್ತಿನಲ್ಲಿ ಹೊರಗಡೆಗೆ ಕಿಟಕಿಯೇ ಇಲ್ಲದ, ಕೋಟೆಯಂಥ ಒರಟು ಕಲ್ಲಿನ ಗಿರಣಿ. ಕ್ಷೌರಿಕನಾಗಿ, ಟೋಪನ್ ಕಟ್ಟುವವನಾಗಿ ಬದುಕು ಶುರುಮಾಡಿದ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಇಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಹಾಕಿದ. ಕೆಲಸದ ಗುಟ್ಟು ಸರಳ. ನಮ್ಮ ಅಜ್ಜಿಯಂದಿರು ರಾಟೆಯ ಮುಂದೆ ಕೂತು ಬೆರಳಿನಿಂದ ಹಂಜಿಯನ್ನು ಎಳೆಯುತ್ತಿದ್ದರಲ್ಲ, ಆ ಬೆರಳಿನ ಕೆಲಸವನ್ನು ಇಲ್ಲಿ ಉರುಳೆಗಳು ಮಾಡುತ್ತವೆ. ಒಂದು ಜೊತೆ ಉರುಳೆಗಿಂತ ಮುಂದಿನ ಜೊತೆ ಜೋರಾಗಿ ತಿರುಗುವುದರಿಂದ ಹತ್ತಿಯ ಎಳೆ ಸಣ್ಣಗಾಗುತ್ತ ಹೋಗುತ್ತದೆ, ಕೊನೆಯ ಕದಿರು ಅದಕ್ಕೆ ಹುರಿ ಹಾಕುತ್ತದೆ. ಚಕ್ರ ತಿರುಗಿಸುತ್ತಿದ್ದ ನೀರಿನಲ್ಲಿ ಒಂದು ಪಾಲು ಸೀಸದ ಗಣಿಗಳಿಂದ ಸುರಂಗದ ಮೂಲಕ ಹರಿದು ಬರುತ್ತಿದ್ದದ್ದು. ನೆಲದೊಳಗಿನ ನೀರಾದ್ದರಿಂದ ಚಳಿಗಾಲದಲ್ಲೂ ಹೆಪ್ಪುಗಟ್ಟದು. ಆರ್ಕ್‌ರೈಟ್ ಜಾಗ ಆರಿಸಿದ ಜಾಣತನ ಇದರಲ್ಲಿದೆ.

ಗಿರಣಿ ಹಗಲೂ ರಾತ್ರಿ ನಡೆಯುತ್ತಿತ್ತು. ಒಂದೊಂದು ಪಾಳಿ 12 ಗಂಟೆ. ಆರ್ಕ್‌ರೈಟ್‌ನ ಕೊನೆಗಾಲದಲ್ಲಿ ಇದ್ದ 1,150 ಕೆಲಸಗಾರರಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಪಾಲು ಮಕ್ಕಳು. ಮೊದಮೊದಲು ಏಳು ವರ್ಷದವರನ್ನೂ ತೆಗೆದುಕೊಳ್ಳುತ್ತಿದ್ದರು, ಆಮೇಲೆ ಹತ್ತಕ್ಕೆ ಏರಿಸಿದರು. ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದ ಹಿರಿಯರು ಇದನ್ನು ಹೇಳುವಾಗ ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. "ಮಾವ, ಏಳು ವರ್ಷ ಅಂದರೆ ಎರಡನೇ ಕ್ಲಾಸಲ್ವಾ?" ಎಂದು ಅಳಿಯ ಮೆಲ್ಲಗೆ ಕೇಳಿದ. ಹೌದು, ಎರಡನೇ ಕ್ಲಾಸು. ಚಾಟ್ಸ್‌ವರ್ತ್ ಎಲೆಯ ಮೇಲೆ ನಿಂತ ಪ್ಯಾಕ್ಸ್‌ಟನ್ ಮಗಳ ವಯಸ್ಸು. ಮುಂದಿನ ಕಟ್ಟಡದಲ್ಲಿ ಏನು ತೋರಿಸಿದರೋ ನನ್ನ ತಲೆಗೆ ಸರಿಯಾಗಿ ಹೋಗಲಿಲ್ಲ. ಆರ್ಕ್‌ರೈಟ್ ಕೆಲಸಗಾರರಿಗೆ ಒಳ್ಳೆಯ ಮನೆಗಳನ್ನು ಕಟ್ಟಿಸಿದ್ದ ಎಂಬುದನ್ನೂ ಹೇಳಬೇಕು. 1776ರ ನಾರ್ತ್ ಸ್ಟ್ರೀಟ್ ಈಗಲೂ ಗಟ್ಟಿಮುಟ್ಟಾಗಿದೆ, ಜನ ವಾಸವಾಗಿದ್ದಾರೆ.

ಈ ಗಿರಣಿಗೂ ನಮಗೂ ಒಂದು ನಂಟಿದೆ. ಭಾರತದ ಚೀಟಿ ಬಟ್ಟೆಗೆ ಇಂಗ್ಲೆಂಡಿನ ಹೆಂಗಸರು ಮರುಳಾಗಿ ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ದಂಗೆ ಎದ್ದದ್ದರಿಂದ 1721ರಲ್ಲಿ ಹತ್ತಿ ಬಟ್ಟೆಯ ಮಾರಾಟವನ್ನೇ ಬಹುಮಟ್ಟಿಗೆ ನಿಷೇಧಿಸಿದ್ದರು. ಸ್ವಂತ ಗಿರಣಿಯ ನೂಲು ಬರತೊಡಗಿದ ಮೇಲೆ, 1774ರಲ್ಲಿ, ಆರ್ಕ್‌ರೈಟ್‌ನ ಕೋರಿಕೆಯ ಮೇರೆಗೆ ಆ ನಿಷೇಧ ತೆಗೆದರು. ಮುಂದೆ ಗಿರಣಿ ಬಟ್ಟೆ ಹಡಗೇರಿ ನಮ್ಮ ಸಂತೆಗಳಿಗೇ ಬಂದದ್ದನ್ನು ಸಮಾಜ ವಿಜ್ಞಾನದ ಮೇಷ್ಟರು ಹೇಳುತ್ತಾರೆ. ಮ್ಯಾಟ್‌ಲಾಕ್ ಬಾತ್‌ನಿಂದ ಡರ್ಬಿಯವರೆಗಿನ ಈ ಗಿರಣಿಗಳ ಸಾಲನ್ನು ಯುನೆಸ್ಕೊ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಗಿರಣಿಯ ಎದುರೇ ಕಾಲುವೆ ಶುರುವಾಗುತ್ತದೆ. 1794ರ ಕ್ರಾಮ್‌ಫರ್ಡ್ ಕಾಲುವೆ. ಗಾಡಿಯಲ್ಲಿ ಎಳೆಯಬಲ್ಲದಕ್ಕಿಂತ ಹತ್ತಾರು ಪಟ್ಟು ಭಾರವನ್ನು ಒಂದು ಕುದುರೆ ನೀರಿನ ಮೇಲೆ ದೋಣಿಯಲ್ಲಿ ಎಳೆಯುತ್ತದೆ. ದಂಡೆಯ ಮೇಲೆ ಆ ಕುದುರೆ ನಡೆಯುತ್ತಿದ್ದ ದಾರಿಯೇ ಈಗ ನಮಗೆ ಕಾಲುದಾರಿ. ನೆಲ ಮಟ್ಟಸ, ಮುದುಕರೂ ನಡೆಯಬಹುದು. ಇಕ್ಕೆಲದಲ್ಲಿ ಮರಗಳು, ಬಾತುಗಳು, ಅದೃಷ್ಟವಿದ್ದರೆ ನೀರಿಲಿ. ಒಂದೂವರೆ ಮೈಲಿ ನಡೆದರೆ ಎತ್ತರದ ಹೊಗೆಗೊಳವೆಯ ಲೀವುಡ್ ಪಂಪ್‌ಹೌಸ್ ಸಿಗುತ್ತದೆ. ಗಣಿಗಾರರು ಇನ್ನೂ ತಗ್ಗಿನಲ್ಲಿ ಬೇರೊಂದು ಸುರಂಗ ಕೊರೆದದ್ದರಿಂದ ಆರ್ಕ್‌ರೈಟ್‌ನ ಬೆಚ್ಚನೆಯ ನೀರು ಅದರ ಪಾಲಾಯಿತು. ಗಿರಣಿಗೂ ಇಲ್ಲ, ಕಾಲುವೆಗೂ ಇಲ್ಲ. ಆಗ 1849ರಲ್ಲಿ ಉಗಿಯಂತ್ರವಿಟ್ಟು ನದಿಯ ನೀರನ್ನು ಸುಮಾರು 9 ಮೀಟರ್ ಎತ್ತಿ ಕಾಲುವೆಗೆ ಹಾಕಿದರು. ಯಂತ್ರ ಅಷ್ಟು ದೈತ್ಯಾಕಾರವಾಗಿ ಯಾಕಿದೆ ಗೊತ್ತೆ? ಕೆಳಗಿನ ಗಿರಣಿಗಳವರು ನೀರು ಬಿಡಲೊಪ್ಪದೆ, ಶನಿವಾರ ರಾತ್ರಿ 8ರಿಂದ ಭಾನುವಾರ ರಾತ್ರಿ 8ರವರೆಗೆ ಮಾತ್ರ ಎತ್ತಬೇಕು ಎಂಬ ಕರಾರು ಹಾಕಿದ್ದರು. ವಾರದ ನೀರನ್ನು ಒಂದೇ ದಿನದಲ್ಲಿ ಎತ್ತಬೇಕಿತ್ತು. ನದಿನೀರಿನ ಜಗಳ ನಮ್ಮಲ್ಲಿ ಮಾತ್ರ ಎಂದು ತಿಳಿಯಬೇಡಿ. ವರ್ಷದಲ್ಲಿ ಕೆಲವು ದಿನ ಸ್ವಯಂಸೇವಕರು ಈಗಲೂ ಈ ಯಂತ್ರಕ್ಕೆ ಉಗಿ ಕೊಟ್ಟು ಓಡಿಸಿ ತೋರಿಸುತ್ತಾರೆ.

ಡರ್ಬಿಗೆ ಮರಳಿದ ಮೇಲೆ ಎರಡು ಜಾಗ ನೋಡಲೇಬೇಕು. ಒಂದು, 1721ರ ರೇಷ್ಮೆ ಗಿರಣಿಯ ಸ್ಥಳದಲ್ಲಿ 2021ರಲ್ಲಿ ತೆರೆದ ಮ್ಯೂಸಿಯಂ ಆಫ್ ಮೇಕಿಂಗ್. ಬಾಗಿಲಲ್ಲೇ ತಲೆಯ ಮೇಲೆ ವಿಮಾನದ ದೈತ್ಯ ಎಂಜಿನ್ ತೂಗುತ್ತಿರುತ್ತದೆ. ಇನ್ನೊಂದು ಆರ್ಬೊರೀಟಂ. ಜೋಸೆಫ್ ಸ್ಟ್ರಟ್ ಎಂಬ ಗಿರಣಿ ಮಾಲೀಕ ಊರಿಗೆ ದಾನ ಕೊಟ್ಟ ಈ ಉದ್ಯಾನ 1840ರಲ್ಲಿ ತೆರೆಯಿತು. ಜನಸಾಮಾನ್ಯರಿಗೆಂದೇ ಯೋಜಿಸಿದ ಮೊದಲ ಉದ್ಯಾನಗಳಲ್ಲಿ ಇದೊಂದು. ವಿನ್ಯಾಸಕಾರ ಲೌಡನ್ ಪ್ರತಿ ಮರಕ್ಕೂ ಹೆಸರಿನ ಫಲಕ ಹಾಕಿಸಿದ, ಕೂಲಿಯವನೂ ಸಸ್ಯಶಾಸ್ತ್ರ ಕಲಿಯಲಿ ಎಂದು. ಆದರೆ ಪುಕ್ಕಟೆ ಪ್ರವೇಶ ವಾರಕ್ಕೆ ಎರಡೇ ದಿನ, ಭಾನುವಾರ ಮತ್ತು ಬುಧವಾರ. ಉಳಿದ ದಿನ ಕಾಸು ಕೊಡಬೇಕು. ಆ ಕಟ್ಟಳೆ ಹೋದದ್ದು 1882ರಲ್ಲಿ. ಈಗ ಅಲ್ಲಿ ಸಂಜೆ ಪಂಜಾಬಿ ಅಜ್ಜಂದಿರು ಬೆಂಚಿನ ಮೇಲೆ ಕೂತು ಹರಟುವುದನ್ನು ಕಂಡೆ.

ಹೋಗುವವರಿಗೆ ಒಂದೆರಡು ಮಾತು. ಡರ್ಬಿಯಿಂದ ಮ್ಯಾಟ್‌ಲಾಕ್‌ಗೆ ಹೋಗುವ ಸಣ್ಣ ರೈಲು ನದಿಯ ಜತೆಯಲ್ಲೇ ಸಾಗಿ ಕ್ರಾಮ್‌ಫರ್ಡ್‌ನಲ್ಲಿ ನಿಲ್ಲುತ್ತದೆ. ಚಾಟ್ಸ್‌ವರ್ತ್‌ಗೆ ರೈಲಿಲ್ಲ, ಬಸ್ಸು ಹಿಡಿಯಬೇಕು. ಅರಮನೆ ಮತ್ತು ತೋಟದ ಟಿಕೆಟ್ ನಮ್ಮ ರೂಪಾಯಿ ಲೆಕ್ಕದಲ್ಲಿ ಭಾರವೇ, ಆದರೆ ನದಿ ದಂಡೆಯ ಹುಲ್ಲುಗಾವಲಲ್ಲಿ ನಡೆಯಲು ಕಾಸು ಬೇಡ. ಚಳಿಗಾಲದಲ್ಲಿ ಬಹಳಷ್ಟು ಕಡೆ ಬಾಗಿಲು ಹಾಕಿರುತ್ತದೆ. ಬೇಕ್‌ವೆಲ್ಲಿನ ಹೆಸರಾಂತ ಪುಡ್ಡಿಂಗಿನಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಆಕಾಶ ಎಷ್ಟೇ ನೀಲಿಯಾಗಿರಲಿ ಮಳೆಯಂಗಿ ಬಿಟ್ಟು ಹೊರಡಬೇಡಿ. ಕಿಂಡರ್ ಗುಡ್ಡದ ಮೇಲಂತೂ ಅರ್ಧ ಗಂಟೆಯಲ್ಲಿ ಮಂಜು ಕವಿದು ಮುಂದಿನ ದಾರಿಯೇ ಕಾಣದಂತಾಗುತ್ತದೆ.